16 ಕೆ.ಜಿ. ತೂಗುವ ಒಂದು ರೂಪಾಯಿ

ಒಂದು ರೂಪಾಯಿಯ ಹೊಸ ನಾಣ್ಯ 3 ಗ್ರಾಮಿಗಿಂತ ತುಸು ಹೆಚ್ಚು ತೂಗುತ್ತದೆ. ಅದನ್ನು ಬುಗಾಟಿ ಶಿರೋನ್ ಕಾರಿನ ಹಿಂಬದಿ ಟೈರಿನ ಹೊರಮೈಗೆ, ಅಂದರೆ ರಸ್ತೆಗೆ ತಾಗುವ ಭಾಗಕ್ಕೆ, ಹೇಗೋ ಬಿಡದಂತೆ ಅಂಟಿಸಿದ್ದೇವೆ ಎಂದಿಟ್ಟುಕೊಳ್ಳಿ. ಗಾಲಿ ತಿರುಗಿದಂತೆ ನಾಣ್ಯ ಹೊರಕ್ಕೆ ಜಗ್ಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಜಗ್ಗಾಟ 685 ಗ್ರಾಂ ಭಾರಕ್ಕೆ ಸಮ. ವೇಗ ಎರಡು ಪಟ್ಟಾದರೆ ಜಗ್ಗಾಟ ನಾಲ್ಕು ಪಟ್ಟಾಗುವುದರಿಂದ 200ರಲ್ಲಿ ಅದು ಎರಡೂಮುಕ್ಕಾಲು ಕೆ.ಜಿ., 300ರಲ್ಲಿ 6 ಕೆ.ಜಿ.ಗೂ ಮೇಲೆ. 2019ರ ಆಗಸ್ಟ್ 2ರಂದು ಜರ್ಮನಿಯ ಎರಾ-ಲೆಸ್ಸಿಯನ್ ಪರೀಕ್ಷಾ ಪಥದಲ್ಲಿ ಆಂಡಿ ವ್ಯಾಲೇಸ್ ಎಂಬ ಚಾಲಕ ಇದೇ ಕಾರಿನ ಮಾರ್ಪಡಿಸಿದ ಮಾದರಿಯೊಂದನ್ನು 490.484 ಕಿ.ಮೀ. ವೇಗಕ್ಕೆ ಓಡಿಸಿದರು. ಆ ಹೊತ್ತಿನಲ್ಲಿ ನಮ್ಮ ರೂಪಾಯಿ ಅಲ್ಲಿದ್ದಿದ್ದರೆ ಅದರ ಭಾರ 16 ಕೆ.ಜಿ. ದಾಟುತ್ತಿತ್ತು. ಭೂಮಿಯ ಸೆಳೆತಕ್ಕಿಂತ 5,300 ಪಟ್ಟು.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಟೈರಿನ ಹೊರಮೈ ನೆಲಕ್ಕೆ ತಾಗಿದಾಗ ಒಂದು ಗೇಣಿನಷ್ಟು ಉದ್ದಕ್ಕೆ ಚಪ್ಪಟೆಯಾಗುತ್ತದೆ. ಆ ಒಂದು ಗೇಣಿನಲ್ಲಿ ಅದು ವೃತ್ತದಲ್ಲಿ ತಿರುಗುತ್ತಿಲ್ಲ, ನೆಲದ ಮೇಲೆ ಸುಮ್ಮನೆ ಕೂತಿರುತ್ತದೆ. ಹಾಗಾಗಿ ನಾಣ್ಯದ 16 ಕೆ.ಜಿ. ಅಲ್ಲಿ ಸೊನ್ನೆಗಿಳಿಯುತ್ತದೆ, ಸೆಕೆಂಡಿನ ಸಾವಿರದ ಒಂದೆರಡು ಪಾಲು ಕಳೆಯುವಷ್ಟರಲ್ಲಿ ಮತ್ತೆ 16ಕ್ಕೆ ಏರುತ್ತದೆ. ಈ ಏರಿಳಿತ ಸೆಕೆಂಡಿಗೆ 61 ಸಲ. ಕಾರು 490ರಲ್ಲಿ ಓಡುತ್ತಿರುವಾಗ ನೆಲ ಮುಟ್ಟಿದ ರಬ್ಬರಿನ ವೇಗ ಸೊನ್ನೆ, ಟೈರಿನ ನೆತ್ತಿಯ ವೇಗ 980 ಕಿ.ಮೀ., ಪ್ರಯಾಣಿಕರ ವಿಮಾನ ಹಾರುವ ವೇಗಕ್ಕಿಂತ ಹೆಚ್ಚು. ಎರಡರ ನಡುವಿನ ಅಂತರ ಒಂದು ಮೊಳ ಚಿಲ್ಲರೆ. ಓಟಕ್ಕೆ ಮೊದಲು ಪ್ರತಿ ಟೈರನ್ನೂ ಎಕ್ಸ್-ರೇ ತೆಗೆದು, ಒಳಗಿನ ಉಕ್ಕಿನ ಎಳೆಗಳು ಒಂದಕ್ಕೊಂದು ತಾಗದಂತೆ ಇವೆಯೇ ಎಂದು ನೋಡಿದ್ದರು. ಎಳೆಗೆ ಎಳೆ ಉಜ್ಜಿದರೂ ಸಾಕು, ಕಥೆ ಮುಗಿಯಿತು.

ಹೀಗಾಗಿ ಕಾರಿನ ಗಾಲಿ ಎಷ್ಟು ತೂಗುತ್ತದೆ ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ತಕ್ಕಡಿ ಹೇಳುವ ಲೆಕ್ಕ ಒಂದು, ಎಂಜಿನ್ನಿಗೆ ತಾಗುವ ಲೆಕ್ಕ ಇನ್ನೊಂದು, ರಸ್ತೆಯ ಉಬ್ಬಿನ ಲೆಕ್ಕ ಮತ್ತೊಂದು.

ಎಂಜಿನ್ನಿನ ಲೆಕ್ಕ ಸುಲಭ, ಅದನ್ನು ಬೇಗ ಮುಗಿಸಿಬಿಡೋಣ. ಸ್ಪೋರ್ಟ್ಸ್ ಕಾರಿನ ಒಂದು ಗಾಲಿ, ರಿಮ್ಮು ಟೈರು ಸೇರಿ, 22 ಕೆ.ಜಿ. ಎಂದು ಹಿಡಿಯಿರಿ. ಅದನ್ನು ಮುಂದಕ್ಕೂ ದೂಡಬೇಕು, ತಿರುಗಿಸಲೂ ಬೇಕು. ಎರಡೂ ಕೂಲಿ ಸೇರಿದರೆ ಎಂಜಿನ್ನಿಗೆ ಅದು ಸುಮಾರು 36 ಕೆ.ಜಿ.ಯಂತೆ ತಾಗುತ್ತದೆ. ತೂಕ ಗಾಲಿಯ ಅಂಚಿಗೆ ಸರಿದಷ್ಟೂ ಈ ಗುಣಾಕಾರ ಹೆಚ್ಚು. ಆದರೆ ಎಷ್ಟೇ ಸರಿದರೂ ಎರಡು ಪಟ್ಟು ಮೀರುವುದಿಲ್ಲ. ಗಾಲಿಯಲ್ಲಿ ಒಂದು ಕೆ.ಜಿ. ಇಳಿಸಿದರೆ ಬಾಡಿಯಲ್ಲಿ ಹತ್ತು ಕೆ.ಜಿ. ಇಳಿಸಿದಂತೆ ಎಂದು ಕಾರುಪ್ರಿಯರು ಹೇಳುತ್ತಿರುತ್ತಾರೆ. ವೇಗ ಹೆಚ್ಚಿಸುವ ಮಟ್ಟಿಗೆ ಅದು ಬರೀ ಬಾಯಿಮಾತು.

ಉಬ್ಬಿನ ಲೆಕ್ಕಕ್ಕೆ ಬಂದರೆ ಮಾತ್ರ ಹತ್ತು ಪಟ್ಟೂ ಕಡಿಮೆ ಎನಿಸುತ್ತದೆ.

1,500 ಕೆ.ಜಿ.ಯ ಕಾರು ಇದೆ ಎನ್ನಿ. ನಾಲ್ಕು ಮೂಲೆಗೆ ಹಂಚಿದರೆ ಒಂದೊಂದು ಗಾಲಿಯ ಪಾಲಿಗೆ 375 ಕೆ.ಜಿ. ಅದರಲ್ಲಿ 330 ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಉಳಿದ 45 ಸ್ಪ್ರಿಂಗಿನ ಕೆಳಗೆ: ಟೈರು, ರಿಮ್ಮು, ಬ್ರೇಕ್ ಡಿಸ್ಕ್, ಅದನ್ನು ಹಿಡಿಯುವ ಕ್ಯಾಲಿಪರ್, ಹಬ್ಬು, ಜೋಡಣೆಯ ತೋಳುಗಳಲ್ಲಿ ಅರ್ಧ. ಮೇಲಿನ ಭಾರಕ್ಕೆ ರಸ್ತೆಯಿಂದ ರಕ್ಷಣೆಯುಂಟು. ಕೆಳಗಿನ 45ಕ್ಕೆ ಟೈರಿನ ರಬ್ಬರು ಮತ್ತು ಗಾಳಿ ಬಿಟ್ಟರೆ ದಿಕ್ಕಿಲ್ಲ.

ಈ ಕಾರು 100 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ ಒಂದು ಮೀಟರ್ ಉದ್ದದ, 25 ಮಿ.ಮೀ. ಎತ್ತರದ ನಯವಾದ ಉಬ್ಬು ಎದುರಾಗುತ್ತದೆ. ನಮ್ಮ ಊರುಗಳ ಹಂಪುಗಳನ್ನು ಕಂಡವರಿಗೆ ಅದು ಉಬ್ಬು ಎಂದೇ ತೋರಲಿಕ್ಕಿಲ್ಲ. ಹತ್ತಿ ಇಳಿಯಲು ಗಾಲಿಗೆ ಸಿಗುವ ಸಮಯ ಸೆಕೆಂಡಿನ ಸಾವಿರದ 36 ಭಾಗ. ಟೈರು ಕಲ್ಲಿನಷ್ಟು ಗಟ್ಟಿ ಎಂದು ಹಿಡಿದು ಲೆಕ್ಕ ಹಾಕಿದರೆ, ಉಬ್ಬಿನ ಬುಡದಲ್ಲಿ ಗಾಲಿಯನ್ನು ಮೇಲಕ್ಕೆಸೆಯುವ ವೇಗೋತ್ಕರ್ಷ ಗುರುತ್ವದ 39 ಪಟ್ಟು. 45 ಕೆ.ಜಿ.ಯನ್ನು 39ರಿಂದ ಗುಣಿಸಿ: ಸುಮಾರು 1,750. ಒಂದು ಮೂಲೆಯ ಗಾಲಿಯೊಂದೇ, ಕಣ್ಣಿಗೆ ಬೀಳದ ಉಬ್ಬೊಂದರ ಮೇಲೆ, ಇಡೀ ಕಾರಿಗಿಂತ ಭಾರವಾಗಿಬಿಟ್ಟಿತು. ಚಂದದ ದೊಡ್ಡ ರಿಮ್ಮು ಹಾಕಿಸಿ ಗಾಲಿಗೆ 5 ಕೆ.ಜಿ. ಸೇರಿಸಿದವರು ಅಲ್ಲಿ 195 ಕೆ.ಜಿ. ಸೇರಿಸಿದಂತಾಯಿತು.

ಟೈರು ಕಲ್ಲಲ್ಲ, ಆದ್ದರಿಂದಲೇ ನಾವು ಬದುಕಿದ್ದೇವೆ. ನಿಂತ ಕಾರಿನ ಭಾರಕ್ಕೇ ಅದು 17 ಮಿ.ಮೀ.ನಷ್ಟು ತಗ್ಗಿರುತ್ತದೆ, ಉಬ್ಬು ಬಂದಾಗ ಇನ್ನಷ್ಟು ತಗ್ಗಿ ಪೆಟ್ಟಿನ ದೊಡ್ಡ ಪಾಲನ್ನು ನುಂಗುತ್ತದೆ. ಉಳಿದದ್ದು ಸ್ಪ್ರಿಂಗಿಗೆ. ಸ್ಪ್ರಿಂಗಿನ ಕೆಲಸ ನೋಡಿದರೆ ಕೈಮುಗಿಯಬೇಕು: ಗಾಲಿ ಪೂರ್ತಿ 25 ಮಿ.ಮೀ. ಮೇಲೆದ್ದರೂ ಅದು ಬಾಡಿಗೆ ದಾಟಿಸುವುದು 76 ಕೆ.ಜಿ.ಯ ಒತ್ತಡವನ್ನಷ್ಟೇ, 330 ಕೆ.ಜಿ.ಯ ಬಾಡಿಗೆ ಅದು ಗುರುತ್ವದ ಕಾಲು ಪಾಲಿಗೂ ಕಡಿಮೆ. ಕೆಳಗೆ 39, ಮೇಲೆ 0.23. ಎಷ್ಟೋ ಸಾವಿರ ವರ್ಷ ಬಂಡಿ ಹೊಡೆದ ಮನುಷ್ಯನಿಗೆ ಈ ಸುಖ ಸಿಕ್ಕಿರಲಿಲ್ಲ.

ಹಾಗಿದ್ದರೆ ಸ್ಪೋರ್ಟ್ಸ್ ಕಾರಿನಲ್ಲಿ ಕೂತವರ ಬೆನ್ನು ಏಕೆ ನೋಯುತ್ತದೆ? ಇಲ್ಲಿ ಮೂರನೆಯವನ ಪ್ರವೇಶ: ಶಾಕ್ ಅಬ್ಸಾರ್ಬರ್. ಟೈರಿನ ಗಾಳಿಯೂ ಸ್ಪ್ರಿಂಗೂ ಪುಟಿಯುವ ವಸ್ತುಗಳಾದ್ದರಿಂದ ಅವುಗಳ ನಡುವೆ ಸಿಕ್ಕ ಗಾಲಿ ಒಮ್ಮೆ ಪೆಟ್ಟು ತಿಂದರೆ ಸುಮ್ಮನಾಗದು. ನಮ್ಮ 45 ಕೆ.ಜಿ.ಯ ಗಾಲಿ ಸೆಕೆಂಡಿಗೆ ಸುಮಾರು 12 ಸಲ ಕುಣಿಯುತ್ತದೆ, ಅಂದರೆ 100ರ ವೇಗದಲ್ಲಿ ಪ್ರತಿ ಎರಡೂಕಾಲು ಮೀಟರಿಗೆ ಒಂದು ಕುಣಿತ. ಅದರ ಮೇಲಿನ ಬಾಡಿ ತೂಗಾಡುವುದು ಸೆಕೆಂಡಿಗೆ ಒಂದೂವರೆ ಸಲ ಮಾತ್ರ. ಕುಣಿಯುವ ಗಾಲಿಯನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಗಾಲಿ ಭಾರವಾದಷ್ಟೂ ಅದನ್ನು ಬಿಗಿ ಮಾಡಬೇಕು. ಬಿಗಿ ಮಾಡಿದರೆ, ಸ್ಪ್ರಿಂಗು ತಡೆದಿಟ್ಟಿದ್ದ ಪೆಟ್ಟನ್ನು ಅದೇ ಸೀಟಿಗೆ ಸಾಗಿಸುತ್ತದೆ. ಗಾಲಿ ಸೆಕೆಂಡಿಗೆ 2 ಮೀಟರಿನಷ್ಟು ವೇಗದಲ್ಲಿ ಮೇಲೆ ಸಿಡಿಯುವಾಗ ಬಿಗಿಯಾದ ಶಾಕ್ ಅಬ್ಸಾರ್ಬರಿನ ಮೂಲಕ ದಾಟಿ ಬರುವ ಪೆಟ್ಟು ಸ್ಪ್ರಿಂಗಿನದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಭಾರದ ಗಾಲಿಯ ದಂಡವನ್ನು ಬೆನ್ನುಮೂಳೆ ಕಟ್ಟುವುದು ಹೀಗೆ.

ಉಬ್ಬಿನ ನೆತ್ತಿಯಲ್ಲಿ ಇನ್ನೊಂದು ತಾಪತ್ರಯ. ಮೇಲೆ ಹೋದ ಗಾಲಿ ಅಷ್ಟೇ ಬೇಗ ಕೆಳಗಿಳಿದು ರಸ್ತೆಯನ್ನು ಹಿಂಬಾಲಿಸಬೇಕು. ಅದನ್ನು ಕೆಳಕ್ಕೆ ದೂಡಲು ಇರುವುದು ಆ ಮೂಲೆಯ 375 ಕೆ.ಜಿ. ಭಾರವಷ್ಟೇ, 45ರಿಂದ ಭಾಗಿಸಿದರೆ ಗುರುತ್ವದ 8.3 ಪಟ್ಟು. ಬೇಕಾದದ್ದು 39, ಕೈಯಲ್ಲಿರುವುದು 8.3. ಗಟ್ಟಿ ಟೈರಿನ ಲೆಕ್ಕದಲ್ಲಿ ಈ ಉಬ್ಬಿನ ಮೇಲೆ ಗಾಲಿ 46 ಕಿ.ಮೀ. ವೇಗಕ್ಕೇ ನೆಲ ಬಿಡುತ್ತದೆ. ಸ್ಪ್ರಿಂಗಿನ ಕೆಳಗಿನ ಭಾರವನ್ನು 45ರಿಂದ 30ಕ್ಕೆ ಇಳಿಸಿದರೆ 56ರವರೆಗೂ ನೆಲ ಹಿಡಿದಿರುತ್ತದೆ. ನಿಜವಾದ ಟೈರು ತನ್ನ ಮೆತ್ತನೆಯ ಗುಣದಿಂದ ಎರಡೂ ಅಂಕಿಗಳನ್ನು ಬಹಳಷ್ಟು ಮೇಲಕ್ಕೆ ಒಯ್ಯುತ್ತದೆ, ಆದರೆ ಅವುಗಳ ನಡುವಿನ ಅಂತರ ಉಳಿದೇ ಇರುತ್ತದೆ. ನೆಲ ಬಿಟ್ಟ ಗಾಲಿಗೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಎರಾ-ಲೆಸ್ಸಿಯನ್ನಿನ ಪಥದಲ್ಲಿ ಹೊಸ ಡಾಂಬರು ಹಳೆಯದಕ್ಕೆ ಸೇರುವ ಒಂದು ಜಾಗವಿದೆ. ಅಲ್ಲಿ ವ್ಯಾಲೇಸ್ ಅವರ ಕಾರು 440 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಜಿಗಿಯುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಗಾಲಿಗಳು ವರ್ಷದಿಂದ ವರ್ಷಕ್ಕೆ ದೊಡ್ಡವಾಗುತ್ತಲೇ ಬಂದಿವೆ. ಟೈರಿನ ಪಕ್ಕೆಯ ಮೇಲಿನ ಬರಹ ಓದಿದರೆ ಇಡೀ ಚರಿತ್ರೆ ಸಿಗುತ್ತದೆ. ಅದೊಂದು ತಮಾಷೆಯ ಬರಹ: ಅಗಲ ಮಿಲಿಮೀಟರಿನಲ್ಲಿ, ಪಕ್ಕೆಯ ಎತ್ತರ ಅಗಲದ ಶೇಕಡಾವಾರಿನಲ್ಲಿ, ರಿಮ್ಮಿನ ವ್ಯಾಸ ಇಂಚಿನಲ್ಲಿ. ಮೂರು ಅಂಕಿ, ಮೂರು ಅಳತೆ. 1964ರ ಪೋರ್ಷೆ 911 ಬಂದದ್ದು 165 ಮಿ.ಮೀ. ಅಗಲದ ಟೈರಿನಲ್ಲಿ, 15 ಇಂಚಿನ ರಿಮ್ಮಿನ ಮೇಲೆ. ಪಕ್ಕೆಯ ಎತ್ತರ ಸುಮಾರು 132 ಮಿ.ಮೀ. 2020ರ 911 ಟರ್ಬೊ ಎಸ್‌ನ ಹಿಂಬದಿ ಟೈರು 315 ಮಿ.ಮೀ. ಅಗಲ, ರಿಮ್ಮು 21 ಇಂಚು, ಪಕ್ಕೆ 94 ಮಿ.ಮೀ. ಅಗಲ ಹೆಚ್ಚುಕಡಿಮೆ ಎರಡು ಪಟ್ಟಾಯಿತು, ಪೆಟ್ಟು ನುಂಗುವ ಎತ್ತರ ಮುಕ್ಕಾಲಿಗಿಂತ ಕಡಿಮೆಯಾಯಿತು. ಗಾಲಿಯ ಒಟ್ಟು ಎತ್ತರ ಬೆಳೆದದ್ದು ನಾಲ್ಕು ಬೆರಳಿನಷ್ಟು. ರಿಮ್ಮು ಬೆಳೆದದ್ದು ಅದರ ಎರಡರಷ್ಟು. ರಬ್ಬರು ಮತ್ತು ಗಾಳಿ ಇದ್ದ ಜಾಗವನ್ನು ಲೋಹ ಒತ್ತುವರಿ ಮಾಡಿಕೊಂಡಿತು ಎನ್ನಬಹುದು.

1959ರ ಮಿನಿ ಕಾರಿಗೆ ಅದರ ವಿನ್ಯಾಸಕ ಅಲೆಕ್ ಇಸಿಗೋನಿಸ್ ಕೊಟ್ಟದ್ದು 10 ಇಂಚಿನ ಗಾಲಿ. ಟೈರೂ ಸೇರಿ ಅದರ ಎತ್ತರ ಸುಮಾರು ಅರ್ಧ ಮೀಟರ್. ಇಂದಿನ ಟರ್ಬೊ ಎಸ್‌ನ ಬರೀ ರಿಮ್ಮು ಅದಕ್ಕಿಂತ ದೊಡ್ಡದು. ಆ ಪುಟ್ಟ ಗಾಲಿಗಳ ಮೇಲೆಯೇ ಮಿನಿ ಕೂಪರ್ 1964ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು.

ದೊಡ್ಡದಾಗುವುದರ ಗಣಿತ ನಿರ್ದಯಿ. ಒಂದು ಗಾಲಿಯನ್ನು ಎಲ್ಲ ದಿಕ್ಕಿಗೂ ಸಮವಾಗಿ ಹಿಗ್ಗಿಸಿದರೆ ತೂಕ ಹೆಚ್ಚುವುದು ಘನದ ಲೆಕ್ಕದಲ್ಲಿ. ತಿರುಗಿಸುವ ಕಷ್ಟ ಹೆಚ್ಚುವುದು ಐದನೆಯ ಘಾತದಲ್ಲಿ. 15 ಇಂಚಿನಿಂದ 21ಕ್ಕೆ ಹೋದರೆ ಅಳತೆ 1.4 ಪಟ್ಟು, ತೂಕ 2.7 ಪಟ್ಟು, ತಿರುಗಿಸುವ ಕಷ್ಟ 5.4 ಪಟ್ಟು. 10ರಿಂದ 20ಕ್ಕೆ ಹೋದರೆ ತೂಕ 8 ಪಟ್ಟು, ಕಷ್ಟ 32 ಪಟ್ಟು. ನಿಜದಲ್ಲಿ ಇಷ್ಟಾಗುವುದಿಲ್ಲ, ಏಕೆಂದರೆ ಎಂಜಿನಿಯರುಗಳು ಕಡ್ಡಿಗಳನ್ನು ಸಣಕಲು ಮಾಡಿ, ಲೋಹವನ್ನು ಬಡಿದು ಗಟ್ಟಿ ಮಾಡಿ, ಅಂಚನ್ನು ತೆಳ್ಳಗೆ ತೀಡಿ ಈ ಗಣಿತದ ವಿರುದ್ಧ ದಿನಾ ಹೋರಾಡುತ್ತಿರುತ್ತಾರೆ.

ದೊಡ್ಡ ಗಾಲಿಗೆ ಒಂದು ನ್ಯಾಯವಾದ ಕಾರಣ ಉಂಟು: ಬ್ರೇಕು. 1964ರ 911ರ ಗರಿಷ್ಠ ವೇಗ 210 ಕಿ.ಮೀ., ತೂಕ 1,080 ಕೆ.ಜಿ. ಆ ಓಟದ ಶಕ್ತಿಯನ್ನು ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ ಅರ್ಧ ಯೂನಿಟ್ಟು. ಟರ್ಬೊ ಎಸ್ ಸುಮಾರು 1,640 ಕೆ.ಜಿ., 330 ಕಿ.ಮೀ.; ಚಾಲಕನೂ ಸೇರಿದರೆ ಎರಡು ಯೂನಿಟ್ಟು. ಬ್ರೇಕು ತುಳಿದವರು ಎರಡು ಯೂನಿಟ್ ವಿದ್ಯುತ್ತನ್ನು ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಡಿಸ್ಕುಗಳಲ್ಲಿ ಬಿಸಿಯಾಗಿ ಸುರಿಯುತ್ತಾರೆ. ಅಷ್ಟು ಬಿಸಿ ತಾಳಲು ಮುಂಬದಿಯ ಡಿಸ್ಕ್ 420 ಮಿ.ಮೀ. ವ್ಯಾಸದ್ದು. ಹಳೆಯ 911ರ ರಿಮ್ಮಿನ ವ್ಯಾಸ 381. ಅಜ್ಜನ ಕಾರಿನ ಗಾಲಿಗಿಂತ ಮೊಮ್ಮಗನ ಕಾರಿನ ಬ್ರೇಕೇ ದೊಡ್ಡದು.

ಆದರೆ ಬ್ರೇಕಿಗೆ ಬೇಕಾದ್ದಕ್ಕಿಂತ ರಿಮ್ಮು ಇನ್ನೂ ಒಂದೆರಡು ಇಂಚು ಬೆಳೆಯುವುದು ಶೋರೂಮಿನಲ್ಲಿ ಚೆನ್ನಾಗಿ ಕಾಣಲಿ ಎಂದು. ಇದು ನನ್ನ ಅಭಿಪ್ರಾಯ. ಕಾರಿನ ಚಿತ್ರ ಬರೆಯುವವರನ್ನು ಕೇಳಿದರೆ ಗಾಲಿ ತುಂಬಿಕೊಂಡಿದ್ದರೇ ಕಾರಿಗೆ ಕಳೆ ಎನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ಆದರೆ ವೇಗಕ್ಕೆ ದೊಡ್ಡ ರಿಮ್ಮೇ ಬೇಕೆಂದಿಲ್ಲ, ಅದಕ್ಕೆ ಪುರಾವೆಯಾಗಿ ಇನ್ನೊಂದು ಕಾರನ್ನು ನೋಡಿ: ಗಾರ್ಡನ್ ಮರ‍್ರಿ ವಿನ್ಯಾಸ ಮಾಡಿದ ಮೆಕ್‌ಲಾರೆನ್ ಎಫ್1. ತೂಕ 1,138 ಕೆ.ಜಿ., ಗಾಲಿ ಮೆಗ್ನೀಸಿಯಮ್ಮಿನದು, ವ್ಯಾಸ ಬರೀ 17 ಇಂಚು. ಇಂದು ಆ ಅಳತೆ ಮಧ್ಯಮ ವರ್ಗದ ಕುಟುಂಬದ ಕಾರಿನಲ್ಲೂ ಸಿಗುತ್ತದೆ. ಆ 17 ಇಂಚಿನ ಗಾಲಿಗಳ ಮೇಲೆ 1998ರಲ್ಲಿ ಕಾರು 386 ಕಿ.ಮೀ. ದಾಟಿತು. ಓಡಿಸಿದ ಜಾಗ ಎರಾ-ಲೆಸ್ಸಿಯನ್, ಓಡಿಸಿದವರು ಅದೇ ಆಂಡಿ ವ್ಯಾಲೇಸ್.

ಮೊದಲು ಗಾಲಿ ದೊಡ್ಡದು ಮಾಡಿ, ಆಮೇಲೆ ಅದರ ತೂಕ ಇಳಿಸಲು ಹಣ ಸುರಿಯುವುದು ಈ ಉದ್ಯಮದ ಕ್ರಮ. 1966ರಲ್ಲಿ 911 ಎಸ್‌ಗೆ ಬಂದ ಫುಕ್ಸ್ ಗಾಲಿ ಎರಕದ್ದಲ್ಲ, ಅಲ್ಯುಮಿನಿಯಂ ಮಿಶ್ರಲೋಹವನ್ನು ಒತ್ತಿ ಬಡಿದು ರೂಪಿಸಿದ್ದು. ಉಕ್ಕಿನ ಗಾಲಿಗಿಂತ ಹಗುರ. ಅಲ್ಲಿಂದ ಅರ್ಧ ಶತಮಾನ ದಾಟುವ ಹೊತ್ತಿಗೆ ಲೋಹವನ್ನೇ ಕೈಬಿಡುವ ಕಾಲ ಬಂತು. 2015ರಲ್ಲಿ ಫೋರ್ಡ್ ತನ್ನ ಶೆಲ್ಬಿ ಜಿಟಿ350ಆರ್ ಮಸ್ಟಾಂಗಿಗೆ ಆಸ್ಟ್ರೇಲಿಯಾದ ಕಾರ್ಬನ್ ರೆವಲ್ಯೂಷನ್ ಸಂಸ್ಥೆಯ ಇಂಗಾಲದ ನಾರಿನ ಗಾಲಿ ಹಾಕಿತು. ಅದೇ ಅಳತೆಯ ಅಲ್ಯುಮಿನಿಯಂ ಗಾಲಿ 15 ಕೆ.ಜಿ.; ಇದು 8 ಕೆ.ಜಿ. ಚಿಲ್ಲರೆ. ತಿರುಗಿಸುವ ಕಷ್ಟದಲ್ಲಿ ಶೇ. 40ಕ್ಕೂ ಹೆಚ್ಚು ಉಳಿತಾಯ. ಗಾಲಿ ಎಷ್ಟು ಚುರುಕಾಯಿತೆಂದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಹದವನ್ನೇ ಬದಲಿಸಬೇಕಾಯಿತು. ಆದರೆ ಇಂಗಾಲದ ನಾರನ್ನು ಹಿಡಿದಿಡುವುದು ರಾಳ. ಪಕ್ಕದಲ್ಲೇ 900 ಡಿಗ್ರಿ ದಾಟಿ ಕಾಯುವ ಬ್ರೇಕ್ ಡಿಸ್ಕು. ಗಾಲಿಯ ಒಳಮೈಗೆ, ಬಾಹ್ಯಾಕಾಶ ನೌಕೆಯ ಎಂಜಿನ್ನಿನ ಟರ್ಬೈನಿಗೆ ಬಳಿಯುತ್ತಿದ್ದಂಥ ಸೆರಾಮಿಕ್ ಲೇಪ ಕೊಟ್ಟು ಅದನ್ನು ಕಾಪಾಡಿದರು.

2017ರಲ್ಲಿ ಪೋರ್ಷೆ ಇನ್ನೂ ಮುಂದೆ ಹೋಯಿತು. ಸುಮಾರು 9 ಮೀಟರ್ ವ್ಯಾಸದ ಹೆಣೆಯುವ ಯಂತ್ರವೊಂದರಲ್ಲಿ ಗಾಲಿಯ ಸುತ್ತಂಚನ್ನು ಹೆಣೆಸಿತು. ನಡುಭಾಗಕ್ಕೆ ಇಂಗಾಲದ ಬಟ್ಟೆಯ 200ಕ್ಕೂ ಹೆಚ್ಚು ತುಂಡುಗಳು. ನಾಲ್ಕು ಗಾಲಿಗಳ ಬೆಲೆ 15,232 ಯೂರೊ. ಉಳಿತಾಯವಾದ ತೂಕ, ನಾಲ್ಕೂ ಸೇರಿ, 8.5 ಕೆ.ಜಿ. ಭಾಗಿಸಿ ನೋಡಿದರೆ ಗ್ರಾಮಿಗೆ 1.79 ಯೂರೊ, ಆ ವರ್ಷದ ಬೆಳ್ಳಿಯ ದರಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಬೆಳ್ಳಿ ಕೊಂಡವರಿಗೆ ಕೈಯಲ್ಲಿ ಬೆಳ್ಳಿಯಾದರೂ ಇರುತ್ತದೆ; ಇಲ್ಲಿ ದುಡ್ಡು ಕೊಟ್ಟದ್ದು ಇಲ್ಲದ ತೂಕಕ್ಕೆ.

ಇದಕ್ಕಿಂತ ಅಗ್ಗದ ದಾರಿಯೂ ಇದೆ ಎಂದು ತೋರಿಸಿದವರು ಕೆಲವರಿದ್ದಾರೆ. 1996ರ ಲೋಟಸ್ ಎಲೀಸ್‌ನ ತೂಕ 725 ಕೆ.ಜಿ. ಮುಂದೆ 15 ಇಂಚು, ಹಿಂದೆ 16 ಇಂಚು, ಮುಂದಿನ ಟೈರಿನ ಅಗಲ 185 ಮಿ.ಮೀ. ಗಾಲಿ ಹಗುರವಾಗಿದ್ದರಿಂದ ಸ್ಪ್ರಿಂಗನ್ನು ಮೆತ್ತಗೆ ಇಡಲು ಸಾಧ್ಯವಾಯಿತು. ತಿರುವಿನಲ್ಲಿ ಚುರುಕು, ಹಾಳು ರಸ್ತೆಯಲ್ಲಿ ಮೃದು ಎಂಬ ಹೆಸರು ಆ ಕಾರಿಗೆ ಬಂದದ್ದು ಹಾಗೆ. 2015ರ ಮಜ್ದಾ ಎಂಎಕ್ಸ್-5 ಹಿಂದಿನ ಮಾದರಿಯಲ್ಲಿ ಗಾಲಿಗೆ ಐದಿದ್ದ ನಟ್ಟುಗಳನ್ನು ನಾಲ್ಕಕ್ಕೆ ಇಳಿಸಿತು. ನಟ್ಟು ಎಣಿಸಿ ಕಾರು ಕಟ್ಟುವವರ ಬಗ್ಗೆ ನನಗೆ ವಿಶೇಷ ಗೌರವ.

ಫಾರ್ಮುಲಾ ಒನ್ ಕಾರುಗಳು ಬಹುಕಾಲ 13 ಇಂಚಿನ ರಿಮ್ಮಿನಲ್ಲೇ ಓಡಿದವು. ದಪ್ಪ ಪಕ್ಕೆಯ ಆ ಟೈರೇ ಅವುಗಳ ಸಸ್ಪೆನ್ಷನ್ನಿನ ದೊಡ್ಡ ಪಾಲಾಗಿತ್ತು. 2022ರಲ್ಲಿ 18 ಇಂಚಿಗೆ ಬದಲಾದವು. ಕಾರಿನ ಕನಿಷ್ಠ ತೂಕ 2021ರಲ್ಲಿ 752 ಕೆ.ಜಿ. ಇದ್ದದ್ದು ಆ ವರ್ಷ 798ಕ್ಕೆ ಏರಿತು. ಅದರಲ್ಲಿ ಗಾಲಿಗಳದ್ದೂ ಪಾಲಿದೆ.

ಈ ಎಲ್ಲ ಲೆಕ್ಕದಲ್ಲೂ ಟೈರು ಎಂಬ ಕರುಣಾಮಯಿ ನಡುವೆ ಇತ್ತು. ಅದನ್ನೂ ತೆಗೆದರೆ? ಬ್ರಿಟನ್ನಿನ ಬ್ಲಡ್‌ಹೌಂಡ್ ಎಂಬ ಜೆಟ್ ಕಾರನ್ನು ಗಂಟೆಗೆ 1,600 ಕಿ.ಮೀ. ದಾಟಲೆಂದು ರೂಪಿಸಿದರು. ಆ ವೇಗಕ್ಕೆ ಯಾವ ರಬ್ಬರೂ ಉಳಿಯದು. ಹಾಗಾಗಿ ಗಾಲಿ ಎಂದರೆ 90 ಸೆಂ.ಮೀ. ವ್ಯಾಸದ, 95 ಕೆ.ಜಿ.ಯ, ಗಟ್ಟಿ ಅಲ್ಯುಮಿನಿಯಂ ಬಿಲ್ಲೆ. ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತು, ಅಂಚಿನಲ್ಲಿ ಗುರುತ್ವದ ಸುಮಾರು 50,000 ಪಟ್ಟು ಜಗ್ಗಾಟ. ನಮ್ಮ ರೂಪಾಯಿ ಅಲ್ಲಿ ಒಂದೂವರೆ ಕ್ವಿಂಟಲ್ ತೂಗುತ್ತದೆ. ಅಂಥ ಗಾಲಿಗೆ ದಾರಿಯ ಕಲ್ಲು ಸಿಕ್ಕರೆ ಅದನ್ನು ನುಂಗಲು ಗಾಳಿಯಿಲ್ಲ, ಪಕ್ಕೆಯಿಲ್ಲ, ತಗ್ಗುವ ಮೈಯಿಲ್ಲ.

ಆದ್ದರಿಂದ ಗಾಲಿಯ ಬದಲು ನೆಲವನ್ನು ತಿದ್ದಿದರು. ದಕ್ಷಿಣ ಆಫ್ರಿಕಾದ ಹಾಕ್ಸ್‌ಕೀನ್ ಪ್ಯಾನ್ ಎಂಬ ಒಣ ಸರೋವರದ 2.2 ಕೋಟಿ ಚದರ ಮೀಟರ್ ನೆಲದಿಂದ ಆ ಊರಿನ ಮಿಯೆರ್ ಸಮುದಾಯದ 317 ಮಂದಿ ಬರಿಗೈಯಲ್ಲಿ ಕಲ್ಲು ಆಯ್ದರು. ಆಯ್ದ ಕಲ್ಲಿನ ತೂಕ 16,500 ಟನ್, ತಲೆಗೆ 52 ಟನ್. 2019ರ ನವೆಂಬರಿನಲ್ಲಿ ಕಾರು ಅಲ್ಲಿ 1,010 ಕಿ.ಮೀ. ವೇಗ ಮುಟ್ಟಿತು.